ನನಗೆ ಏನೂ ಅಂಟುವುದಿಲ್ಲ ಎಂದರು

ನಾನು ಒಂದು ಮ್ಯಾಗ್ನೆಟಿಕ್ ಬೀಡ್. ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಜಿನ ಫ್ಲಾಸ್ಕಿನ ತಳದಲ್ಲಿ ಬಿದ್ದುಕೊಂಡು, ಮೇಲಿನ ದ್ರಾವಣವನ್ನು ಗಿರಗಿರನೆ ಕಲಕುವುದು ನನ್ನ ಕೆಲಸ. ನೋಡಲಿಕ್ಕೆ ಬಿಳಿ ಗುಳಿಗೆಯ ಹಾಗಿದ್ದೇನೆ. ಒಳಗೆ ಅಯಸ್ಕಾಂತದ ಕಡ್ಡಿ, ಮೇಲೆ ಟೆಫ್ಲಾನಿನ ಅಂಗಿ. ಫ್ಲಾಸ್ಕಿನ ಕೆಳಗಿನ ಪೆಟ್ಟಿಗೆಯಲ್ಲಿ ಇನ್ನೊಂದು ದೊಡ್ಡ ಅಯಸ್ಕಾಂತ ತಿರುಗುತ್ತದೆ. ಅದು ತಿರುಗಿದ ಹಾಗೆ ನಾನೂ ತಿರುಗಬೇಕು. ಹೀಗೆ ಇಲ್ಲಿಯವರೆಗೆ ಇನ್ನೂರು ಕೋಟಿ ಸುತ್ತು ಹಾಕಿದ್ದೇನೆ. ನಂಬಿಕೆ ಬರದಿದ್ದರೆ ಬಿಡಿ. ಈ ಕಥೆಯಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ, ನೀವೊಬ್ಬರು ಹೆಚ್ಚಾದರೆ ನನಗೇನೂ ಬೇಜಾರಿಲ್ಲ.

ನಾನು ಹುಟ್ಟಿದ್ದು ಉತ್ತರ ಭಾರತದ ಕಡೆಯ ಒಂದು ತಗಡಿನ ಶೆಡ್ಡಿನಲ್ಲಿ. ಬಿಸಿ ಆರುವ ಮೊದಲೇ ಒಬ್ಬ ದಪ್ಪ ಮೀಸೆಯವನು ನನ್ನನ್ನು ಎತ್ತಿ ಬೆಳಕಿಗೆ ಹಿಡಿದು, ಕೊಳ್ಳಲು ಬಂದವನಿಗೆ ಹೇಳಿದ: ಟೆಫ್ಲಾನ್ ಸ್ವಾಮಿ ಇದು, ಇದಕ್ಕೆ ಏನೂ ಅಂಟುವುದಿಲ್ಲ. ಹುಟ್ಟಿ ಹತ್ತು ನಿಮಿಷ ಆಗಿರಲಿಲ್ಲ, ಮೊದಲ ಸುಳ್ಳು ಕಿವಿಗೆ ಬಿತ್ತು. ಅವತ್ತಿನಿಂದ ನಾನು ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ, ಬಾಯಿ ನೋಡುತ್ತೇನೆ.

ಅಲ್ಲಿಂದ ಬಂದು ಬಿದ್ದದ್ದು ಉತ್ತರ ಕರ್ನಾಟಕದ ಒಂದು ಗುಡ್ಡದ ಮೇಲಿನ ವಿಶ್ವವಿದ್ಯಾಲಯಕ್ಕೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿನವರು ಕಥೆ ಓದುವುದನ್ನು ಬಿಟ್ಟು, ಇದನ್ನು ಯಾರು ಹೇಳಿಕೊಟ್ಟರು ಎಂದು ಹುಡುಕಲು ಹೊರಡುತ್ತಾರೆ.

ಅಲ್ಲಿ ನನ್ನ ಮೊದಲ ಯಜಮಾನ ಬಸವಂತ ಇಂಚಗೇರಿ. ಆಗ ಇನ್ನೂ ಪಿಎಚ್.ಡಿ. ಮಾಡುತ್ತಿದ್ದ ತೆಳ್ಳನೆಯ ಮನುಷ್ಯ. ಅವರ ವಿಷಯ ಕ್ಯಾಟಲಿಸ್ಟು. ಕ್ಯಾಟಲಿಸ್ಟ್ ಎಂದರೆ ಹೆಪ್ಪು ಅಂತ ತಿಳಿದುಕೊಳ್ಳಿ. ಚಮಚೆಯಷ್ಟು ಮಜ್ಜಿಗೆ ಬಿದ್ದರೆ ಪಾತ್ರೆಯಷ್ಟು ಹಾಲು ಮೊಸರಾಗುತ್ತದಲ್ಲ, ಹಾಗೆ ಚಿಟಿಕೆಯಷ್ಟು ಲೋಹ ಬಿದ್ದರೆ, ಒಂದರ ಮುಖ ಒಂದು ನೋಡದ ಎರಡು ಪದಾರ್ಥಗಳು ಕೂಡಿ ಮೂರನೆಯದಾಗುತ್ತವೆ. ಕೂಡಿದವೋ ಇಲ್ಲವೋ ನೋಡಲಿಕ್ಕೆ ಒಂದು ಉಪಾಯವಿದೆ. ದ್ರಾವಣದ ಒಂದು ಹನಿಯನ್ನು ಸಣ್ಣ ಬಿಳಿ ಪ್ಲೇಟಿನ ಮೇಲೆ ಏರಿಸಿ, ನೇರಳೆ ದೀಪದ ಕೆಳಗೆ ಹಿಡಿಯುತ್ತಾರೆ. ಎರಡೇ ಚುಕ್ಕೆ ಕಂಡರೆ ಹಾಕಿದ್ದು ಹಾಕಿದ ಹಾಗೇ ಇದೆ ಎಂದರ್ಥ. ಮೂರನೆಯ ಚುಕ್ಕೆ ಕಂಡರೆ ಆ ದಿನ ಲ್ಯಾಬಿನಲ್ಲಿ ಎಲ್ಲರಿಗೂ ಚಹಾ.

ಇಂಚಗೇರಿಯವರು ಆರು ವರ್ಷ ಈ ಕೆಲಸವನ್ನು ಪಲ್ಲೇಡಿಯಂ ಎನ್ನುವ ಲೋಹದಿಂದ ಮಾಡಿದರು. ಅದು ಬಂಗಾರದ ಸರೀಕ, ಹಾಗಾಗಿ ಬಿಂಕವೂ ಜಾಸ್ತಿ. ಕೆಲಸ ಮುಗಿದ ಮೇಲೆ ಅದು ಕರಿ ಹುಡಿಯಾಗಿ ನನ್ನ ಮೇಲೆ ಕೂರುತ್ತಿತ್ತು. ಗಾಜಿಗೆ ಉಜ್ಜಿ ಉಜ್ಜಿ ನನ್ನ ಅಂಗಿಯ ಮೇಲೆ ಗೀರು ಬಿದ್ದಿದ್ದವು. ಹುಡಿ ಆ ಗೀರುಗಳೊಳಗೆ ಹೊಕ್ಕು, ಬಾಡಿಗೆದಾರ ಮನೆ ಬಿಡದ ಹಾಗೆ ಕುಳಿತುಬಿಟ್ಟಿತು. ಲ್ಯಾಬಿನ ಅಟೆಂಡರ್ ರಾಜೇಸಾಬ ನದಾಫ, ಆಗ ಇನ್ನೂ ಮೀಸೆ ಮೂಡದ ಹುಡುಗ, ಆಮೇಲೆ ಎಲ್ಲರ ಬಾಯಲ್ಲಿ ನದಾಫ ಕಾಕಾ, ನನ್ನನ್ನು ದಿನಾ ಸೋಪಿನಿಂದ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ. ನಾನು ಹೊರಗಿನಿಂದ ಮಾತ್ರ ಚೊಕ್ಕಟವಾಗುತ್ತಿದ್ದೆ. ಇದು ಬೀಡುಗಳ ಸಮಸ್ಯೆ ಮಾತ್ರ ಅಲ್ಲ ಎಂದು ಆಮೇಲೆ ಗೊತ್ತಾಯಿತು.

ಏಳನೆಯ ವರ್ಷ ಇಂಚಗೇರಿಯವರು ಒಂದು ಧೈರ್ಯ ಮಾಡಿದರು. ಪಲ್ಲೇಡಿಯಂ ಬಿಟ್ಟು ಬರೀ ತಾಮ್ರ ಹಾಕಿದರು. ಮೂರನೆಯ ಚುಕ್ಕೆ ಬಂತು! ಬಿಂಕದ ಲೋಹ ಮಾಡುವುದನ್ನು ಹಂಡೆಯ ಲೋಹ ಮಾಡಿತು ಎಂದು ದೊಡ್ಡ ಸುದ್ದಿಯಾಯಿತು. ಸಂಶೋಧನೆಯ ಪೇಪರ್ ಅಚ್ಚಾಯಿತು, ನೌಕರಿ ಸಿಕ್ಕಿತು, 'ತಾಮ್ರದ ಇಂಚಗೇರಿ' ಎಂದು ಹೆಸರಾಯಿತು. ಆ ದಿನ ಫ್ಲಾಸ್ಕಿನೊಳಗೆ ತಾಮ್ರದ ಜೊತೆ ನಾನೂ ಇದ್ದೆ. ಇಷ್ಟು ಹೇಳಿ ಸದ್ಯಕ್ಕೆ ಸುಮ್ಮನಾಗುತ್ತೇನೆ.

ಎರಡು ವರ್ಷದೊಳಗೆ ಹೊರಗಿನ ಇಬ್ಬರು ಪ್ರೊಫೆಸರುಗಳು ಪತ್ರ ಬರೆದರು. ನಿಮ್ಮ ತಾಮ್ರದ ಪ್ರಯೋಗ ನಮ್ಮಲ್ಲಿ ಬರುತ್ತಿಲ್ಲ, ಏನು ಮಾಡಬೇಕು ಎಂದು. ಇಂಚಗೇರಿ ಸರ್ ಇಬ್ಬರಿಗೂ ಒಂದೇ ಉತ್ತರ ಕಳಿಸಿದರು: ನಿಮ್ಮ ತಾಮ್ರ ಶುದ್ಧ ಇಲ್ಲ. ಕವರಿಗೆ ಅಂಟು ಹಚ್ಚುತ್ತ ನದಾಫ ಕಾಕಾನಿಗೆ ಹೇಳಿದರು, "ಹೊಟ್ಟಿಕಿಚ್ಚು ನೋಡ ರಾಜೇಸಾಬ. ಮಂದಿನ್ನ ನಂಬಬಾರದು."

ಅಲ್ಲಿಂದ ಹಿಡಿಯಿತು ನೋಡಿ ಅನುಮಾನದ ಜಾಡ್ಯ. ಸರ್ ಸಂಜೆ ಮನೆಗೆ ಹೋಗುವಾಗ ಅಸಿಟೋನ್ ಬಾಟಲಿಗಳ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಹೋಗುತ್ತಿದ್ದರು, ಬೆಳಿಗ್ಗೆ ಬಂದು ಗೆರೆಗೆ ಕಣ್ಣು ಹಚ್ಚಿ ನೋಡುತ್ತಿದ್ದರು. ಪಲ್ಲೇಡಿಯಂ ಬಾಟಲಿ ಅವರ ಕಪಾಟಿನೊಳಗೆ, ಕಪಾಟಿನ ಕೀಲಿಕೈ ಅಂಗಿಯ ಒಳಜೇಬಿನೊಳಗೆ. ಆ ಬಾಟಲಿಯನ್ನು ಪ್ರತಿ ಶನಿವಾರ ತೂಕಕ್ಕೆ ಹಾಕುತ್ತಿದ್ದರು, ಕೂಸಿಗೆ ಹಾಕಿದ ಹಾಗೆ. ಬೀಗ ಇಲ್ಲದ್ದು ಇಡೀ ಲ್ಯಾಬಿನಲ್ಲಿ ಒಂದೇ: ಬೀಡುಗಳನ್ನಿಟ್ಟ ಎನಾಮೆಲ್ ತಟ್ಟೆ. ಬೀಡನ್ನು ಯಾರು ಕದಿಯುತ್ತಾರೆ?

ಬೀಡುಗಳ ವಿಷಯದಲ್ಲಿ ಸರ್ ಒಂದು ಪದ್ಧತಿ ಮಾಡಿದ್ದರು. ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಯಂತ್ರಗಳಿಗೆಲ್ಲ ವಿಭೂತಿ ಹಚ್ಚಿ, ಕಾಯಿ ಒಡೆದ ಮೇಲೆ, ಹೊಸದಾಗಿ ಸೇರಿದವರಿಗೆ ತಮ್ಮ ಹಳೆಯ ಬೀಡೊಂದನ್ನು ಕೈಯಾರೆ ಕೊಡುತ್ತಿದ್ದರು. "ಹಳೇ ಬೀಡಿಗೆ ಹದಾ ಇರತೈತಿ. ಕಣ್ಣಿಗೆ ಒತ್ತಿಕೋ," ಎನ್ನುತ್ತಿದ್ದರು. ಎಲ್ಲರೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಯಾರೂ ಕಣ್ಣು ತೆರೆದು ನೋಡುತ್ತಿರಲಿಲ್ಲ.

ಹಾಗೆ ಒಂದು ವರ್ಷ ನಾನು ಮಹಾದೇವಿ ತಡಕೋಡಳ ಕೈಗೆ ಬಂದೆ. ಲಕ್ಷ್ಮೇಶ್ವರದ ಕಡೆಯವಳು. ಅಪ್ಪನದು ಶೇಂಗಾ ಎಣ್ಣೆಯ ಮಿಲ್ಲು. ಅದೇ ವರ್ಷ ಸೇರಿದ ಕಲ್ಮೇಶ ಅಂಗಡಿ ಎನ್ನುವವನಿಗೂ ಒಂದು ಹಳೆಯ ಬೀಡ್ ಸಿಕ್ಕಿತ್ತು. ಅವನು ತೊಳೆಯುವಾಗ ಅದು ವಾಶ್ ಬೇಸಿನ್ನಿನ ತೂತಿನಲ್ಲಿ ಇಳಿದು ಹೋಯಿತು. ಸರ್ ಬೈದಾರು ಎಂದು ಸುದ್ದಿ ಎತ್ತದೆ ಹೊಸದೊಂದನ್ನು ತರಿಸಿಕೊಂಡ. ಈ ಸಣ್ಣ ಸಂಗತಿ ನೆನಪಿಟ್ಟುಕೊಳ್ಳಿ.

ಮಹಾದೇವಿಯ ತಲೆಯಲ್ಲಿ ಒಂದು ಆಸೆ ಹೊಕ್ಕಿತ್ತು: ಲೋಹವೇ ಇಲ್ಲದ ಹೆಪ್ಪು. ಅಪ್ಪನ ಮಿಲ್ಲಿನಿಂದ ಶೇಂಗಾ ಸಿಪ್ಪೆ ಚೀಲಗಟ್ಟಲೆ ತಂದಳು. ಯೂರಿಯಾ ಬೆರೆಸಿ, ಗಾಳಿ ಸೋಕದ ಹಾಗೆ ಕುಲುಮೆಯಲ್ಲಿ ಸುಟ್ಟು, ಕರಿ ಪುಡಿ ಮಾಡಿದಳು. ಮೂರು ವರ್ಷ ಬರೀ ಆ ಪುಡಿಯ ಹದ ಹುಡುಕುವುದರಲ್ಲಿ ಹೋಯಿತು. ನಾಲ್ಕನೆಯ ವರ್ಷ ಅದನ್ನು ಫ್ಲಾಸ್ಕಿಗೆ ಹಾಕಿ, ನನ್ನನ್ನೂ ಹಾಕಿ, ಬೆಳಿಗ್ಗೆ ಹತ್ತಕ್ಕೆ ಚಾಲೂ ಮಾಡಿದಳು. ಸಂಜೆ ನಾಲ್ಕಕ್ಕೆ ನೇರಳೆ ದೀಪದ ಕೆಳಗೆ ಪ್ಲೇಟ್ ಹಿಡಿದವಳು ಕೂಗಿದಳು, "ಕಾಕಾ, ಚುಕ್ಕಿ ಬಂತರೀ!"

ನದಾಫ ಕಾಕಾ ಕಿಟಕಿಯ ಹೊರಗೆ ಇಣುಕಿ, "ಇಷ್ಟ್ ಲಗೂನ? ಇನ್ನೂ ಹೊತ್ತ ಮುಣಗಿಲ್ಲಲ್ರಿ ಅಕ್ಕಾರ," ಎಂದ.

ಚಹಾ ಆಯಿತು. ಸರ್ ಕೂಡ ಅನುಮಾನ ಮರೆತು ಎರಡು ಕಪ್ಪು ಕುಡಿದರು. ಪೇಪರ್ ಬರೆದು ಕಳಿಸಿದರು. ಪರಿಶೀಲಿಸುವವರು ಒಂದು ಮಾತು ಬರೆದರು: ಆಗಬಹುದು, ಆದರೆ ಇದನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಿ ತೋರಿಸಿ.

ಇನ್ನೊಬ್ಬರು ಎಂದರೆ ಕಲ್ಮೇಶ. ಅದೇ ಪುಡಿ, ಅದೇ ದ್ರಾವಣ, ಅದೇ ಬಿಸಿ. ತನ್ನ ಹೊಸ ಬೀಡ್ ಹಾಕಿ ಮಾಡಿದ. ಎರಡೇ ಚುಕ್ಕೆ. ಮತ್ತೆ ಮಾಡಿದ. ಎರಡೇ. ನಾಲ್ಕು ಸಲ ಮಾಡಿ, ನಾಲ್ಕು ಪ್ಲೇಟುಗಳನ್ನು ಸರ್ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟ.

ಸರ್ ಮಹಾದೇವಿಯನ್ನು ಕರೆಸಿದರು. ನಾನು ಅವಳ ಏಪ್ರನ್ ಜೇಬಿನಲ್ಲೇ ಇದ್ದೆ, ಎಲ್ಲ ಕೇಳಿಸಿತು.

"ಖರೇ ಹೇಳು ಮಾದೇವಿ. ಏನ್ ಹಾಕಿದಿ?"

"ಶೇಂಗಾ ಸಿಪ್ಪಿ ಕರಿ ಪುಡಿ ಸರ್. ಮತ್ತೇನಿಲ್ಲ."

"ಸಿಪ್ಪಿಯೊಳಗ ಇಷ್ಟ್ ಕಸುವು ಇದ್ದಿದ್ರ, ನಿಮ್ಮಪ್ಪನ ಮಿಲ್ಲಿನ ಮುಂದ ಪರದೇಶದಾವ್ರು ಪಾಳಿ ಹಚ್ಚಿ ನಿಂದರತಿದ್ರು."

"ಕಲ್ಮೇಶಂದು ಯಾಕ ಬರವಲ್ದು ಅಂತ ಅವನ್ನ ಕೇಳ್ರಿ."

ಕಲ್ಮೇಶ ಬಾಗಿಲಲ್ಲೇ ನಿಂತಿದ್ದ. "ನನ್ನ ಕೈ ನೆಟ್ಟಗ ಐತ್ರಿ ಸರ್. ಕೈಚಳಕ ಅಷ್ಟ ಇಲ್ಲ."

ಮಹಾದೇವಿಯ ಕೈ ಜೇಬಿನೊಳಗೆ ಬಂದು ನನ್ನನ್ನು ಗಟ್ಟಿಯಾಗಿ ಹಿಡಿಯಿತು. ಗುಟ್ಟಾಗಿ ಪಲ್ಲೇಡಿಯಂ ಬೆರೆಸಿ, ಸಿಪ್ಪೆಯ ಹೆಸರು ಹೇಳಿದ್ದಾಳೆ ಎನ್ನುವುದೇ ಸರ್ ಅನುಮಾನ. ಕಪಾಟಿನ ಬಾಟಲಿಯನ್ನು ಶನಿವಾರದವರೆಗೆ ಕಾಯದೆ ತೂಗಿದರು. ತೂಕ ಸರಿಯಿತ್ತು. ಅದರಿಂದ ಅವರ ಅನುಮಾನ ಇನ್ನೂ ಹೆಚ್ಚಾಯಿತು: ಹಾಗಾದರೆ ಹೊರಗಿನಿಂದ ತಂದಿದ್ದಾಳೆ.

"ಸೋಮವಾರ ನಾನ ಸ್ವತಃ ಮಾಡತೇನಿ," ಎಂದರು ಸರ್. "ಮೂರನೇ ಚುಕ್ಕಿ ಬಂತು, ನೀ ಗೆದ್ದಿ. ಬರಲಿಲ್ಲ, ಸುಳ್ಳು ಬರದಾಳ ಅಂತ ನಾನ ಬರದ ಕೊಡತೇನಿ. ಆಮ್ಯಾಲೆ ನಿನ್ನ ಪಿಎಚ್.ಡಿ. ಯಾವ ಊರಾಗೂ ಆಗೂದಿಲ್ಲ."

ಸೋಮವಾರ ಸರ್ ಎಲ್ಲ ಹೊಸದು ತಂದರು. ಹೊಸ ಫ್ಲಾಸ್ಕು, ಸೀಲ್ ಒಡೆಯದ ಬಾಟಲಿಗಳು, ತಾವೇ ಹಿಡಿದಿಟ್ಟುಕೊಂಡ ನೀರು. ಸಿಪ್ಪೆ ಪುಡಿಯನ್ನೂ ತಮ್ಮೆದುರಿಗೇ ಸುಡಿಸಿದ್ದರು. ಮಹಾದೇವಿಯನ್ನು ದೂರದ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂರಿಸಿದರು.

"ತೋಳು ಮ್ಯಾಲ ಮಾಡು. ಬಳಿ ತಗದ ಇಡು."

"ಬಳಿ ತಗಿಯೂದಿಲ್ರಿ ಸರ್. ಬೇಕಾದ್ರ ಕೈ ಕಟ್ಟಿ ಕೂಡತೇನಿ."

ಆರು ತಾಸು ಕೈ ಕಟ್ಟಿ ಕುಳಿತಳು. ನದಾಫ ಕಾಕಾ ತಂದ ಚಹಾ ಅವಳ ಮುಂದೆಯೇ ಕೆನೆಗಟ್ಟಿತು.

ಎಲ್ಲ ಸುರಿದಾದ ಮೇಲೆ ಬೀಡ್ ಬೇಕಾಯಿತು. ಕಲ್ಮೇಶ ತನ್ನದನ್ನು ಮುಂದೆ ಹಿಡಿದ. ಸರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದ ನಿಂದು. ಬ್ಯಾಡ." ಆಮೇಲೆ ಅವರ ಕಣ್ಣು ಮಹಾದೇವಿಯ ತಟ್ಟೆಯಲ್ಲಿದ್ದ ನನ್ನ ಮೇಲೆ ಬಿತ್ತು. ನನ್ನ ಒಂದು ತುದಿಯಲ್ಲಿ ಸಣ್ಣ ನೆಗ್ಗಿದೆ, ಅವರೇ ಪ್ರಾಯದಲ್ಲಿ ಕೆಳಗೆ ಬೀಳಿಸಿ ಮಾಡಿದ್ದು. ಗುರುತು ಹಿಡಿದರು. ಮುಖ ಸಡಿಲಾಯಿತು.

"ಇದು ನಂದು," ಎಂದರು. "ಈ ಲ್ಯಾಬಿನ್ಯಾಗ ನನಗ ಭರೋಸೆ ಇದ್ದದ್ದು ಇದೊಂದರ ಮ್ಯಾಲೆ."

ನನಗೆ ಬಾಯಿ ಇದ್ದಿದ್ದರೆ ಅವತ್ತು ಏನಾದರೂ ಅನ್ನುತ್ತಿದ್ದೆ. ಇರಲಿಲ್ಲ. ತಿರುಗಿದೆ.

ನಾಲ್ಕು ಗಂಟೆಗೆ ಮೂರನೆಯ ಚುಕ್ಕೆ ಬಂತು. ದುಂಡಗೆ, ದಟ್ಟಗೆ.

ಸರ್ ಪ್ಲೇಟನ್ನು ತಿರುಗಿಸಿ ಇನ್ನೊಮ್ಮೆ ದೀಪದ ಕೆಳಗೆ ಹಿಡಿದರು. ಕಣ್ಣು ಎತ್ತಿದಾಗ ನೋಡಿದ್ದು ಕಲ್ಮೇಶನನ್ನು. ಅನುಮಾನ ಎನ್ನುವುದು ಹಾವಿನ ಹಾಗೆ, ಒಂದು ಬಿಲದಿಂದ ಓಡಿಸಿದರೆ ಇನ್ನೊಂದನ್ನು ಹುಡುಕಿಕೊಳ್ಳುತ್ತದೆ.

"ಮತ್ತ ನಿಂದು ಯಾಕ ಬರಲಿಲ್ಲ?"

"ಸರ್, ನಾ ನಾಲ್ಕ್ ಸಲ..."

"ಹೊಟ್ಟಿಕಿಚ್ಚಿನ ಮ್ಯಾಲೆ ಏನಿಟ್ರೂ ಬೇಯೂದಿಲ್ಲೋ ತಮ್ಮಾ."

ಮಹಾದೇವಿ ಗೆದ್ದಳು. ಕಟ್ಟಿದ ಕೈ ಬಿಚ್ಚಿದಾಗ ಎರಡೂ ಜೋಮು ಹಿಡಿದಿದ್ದವು. ಆದರೆ ಒಂದು ವಿಚಿತ್ರ ನೋಡಿ. ಎಲ್ಲರೂ ಅವಳನ್ನು ನಂಬಿದ ದಿನವೇ ಅವಳಿಗೆ ತನ್ನ ಮೇಲೆ ಅನುಮಾನ ಹುಟ್ಟಿತು. ಕಲ್ಮೇಶ ಬಾಯಿಬಡುಕ ನಿಜ, ಕೆಲಸಗಳ್ಳ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನಿಗೆ ಯಾಕೆ ಬರಲಿಲ್ಲ?

ಆ ವಾರ ಒಂದು ಮಧ್ಯಾಹ್ನ ನದಾಫ ಕಾಕಾ ಬುತ್ತಿ ಬಿಚ್ಚಿ ಅವಳಿಗೆ ಒಂದು ಲೋಟ ಮಜ್ಜಿಗೆ ಕೊಟ್ಟ.

"ಎಷ್ಟ್ ಛಲೋ ಐತ್ರಿ ಕಾಕಾ. ಹೆಪ್ಪು ಎಲ್ಲಿಂದ ತರತೀರಿ?"

"ಹೆಪ್ಪಾ? ನಮ್ಮ ಮನ್ಯಾಕಿ ಹೆಪ್ಪು ಹಾಕೂದ ಇಲ್ರಿ ಅಕ್ಕಾರ. ನಮ್ಮವ್ವನ ಕಾಲದ ಮಣ್ಣಿನ ಗಡಗಿ ಐತಿ. ಬರೇ ಹಾಲ ಸುರುವಿದ್ರ ಸಾಕು, ಗಡಗೀನ ಮಸರು ಮಾಡತೈತಿ. ಎಷ್ಟ್ ತಿಕ್ಕಿದ್ರೂ ಅದರ ಗುಣಾ ಹೋಗಂಗಿಲ್ಲ."

ಮಹಾದೇವಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟಳು. ಕಾಕಾ ಹುಳಿಯಾಯಿತೇನೋ ಎಂದು ಗಾಬರಿಯಾದ.

ಭಾನುವಾರ ಬೆಳಿಗ್ಗೆ ಒಬ್ಬಳೇ ಲ್ಯಾಬಿಗೆ ಬಂದಳು. ಎರಡು ಪದಾರ್ಥ ಹಾಕಿದಳು. ಸಿಪ್ಪೆಯ ಪುಡಿ ಹಾಕಲಿಲ್ಲ. ಹೆಪ್ಪು ಎನ್ನುವುದನ್ನೇ ಹಾಕಲಿಲ್ಲ. ನನ್ನನ್ನು ಹಾಕಿದಳು.

ನಾಲ್ಕು ಗಂಟೆಗೆ ಮೂರನೆಯ ಚುಕ್ಕೆ ಬಂತು.

ನಾಲ್ಕು ವರ್ಷದ ಕೆಲಸ. ಶೇಂಗಾ ಸಿಪ್ಪೆ ಏನೂ ಮಾಡಿರಲಿಲ್ಲ, ಮಾಡಿದ್ದೆಲ್ಲ ನನ್ನ ಗೀರುಗಳಲ್ಲಿ ಕುಳಿತ ಹಳೆಯ ಪಲ್ಲೇಡಿಯಂ. ಇದು ಗೊತ್ತಿದ್ದದ್ದು ಇಬ್ಬರಿಗೇ, ಅವಳಿಗೆ ಮತ್ತು ನನಗೆ. ಸರ್ ಮಾಡಿದ್ದನ್ನು ಬರೆದು ಕಳಿಸಿದ ಕೂಡಲೇ ಪೇಪರ್ ಒಪ್ಪಿಗೆಯಾಗಿತ್ತು. ಸರ್ ನಂಬಿದ್ದರು. ಅವಳು ನನ್ನನ್ನು ಎರಡು ಬೆರಳಲ್ಲಿ ಎತ್ತಿ ವಾಶ್ ಬೇಸಿನ್ನಿನ ಹತ್ತಿರ ಹೋದಳು. ನಲ್ಲಿ ಬಿಟ್ಟಳು. ತೂತಿನ ಮೇಲೆ ನನ್ನನ್ನು ಹಿಡಿದಳು. ಕೆಳಗೆ ಕತ್ತಲೆ, ನೀರಿನ ಸದ್ದು. ಬೆರಳು ಸಡಿಲಿಸಿದರೆ ಕಲ್ಮೇಶನ ಬೀಡ್ ಹೋದ ದಾರಿಯಲ್ಲಿ ನಾನೂ ಹೋಗುತ್ತಿದ್ದೆ, ಜಗತ್ತಿನಲ್ಲಿ ಸಾಕ್ಷಿ ಇರುತ್ತಿರಲಿಲ್ಲ. ಇನ್ನೂರು ಕೋಟಿ ಸುತ್ತಿನಲ್ಲಿ ನನಗೆ ತಲೆ ತಿರುಗಿದ್ದು ಅದೊಂದು ಸಲ, ಅದೂ ನಿಂತಲ್ಲೇ.

ಎಷ್ಟು ಹೊತ್ತು ಹಿಡಿದಿದ್ದಳೋ. ಆಮೇಲೆ ನಲ್ಲಿ ಬಂದ್ ಮಾಡಿ, ನನ್ನನ್ನು ಒರೆಸಿ, ಕರವಸ್ತ್ರದಲ್ಲಿ ಗಂಟು ಕಟ್ಟಿದಳು.

ಸೋಮವಾರ ಸರ್ ಮುಂದೆ ಆ ಗಂಟು ಬಿಚ್ಚಿದಳು. ಎಲ್ಲ ಹೇಳಿದಳು. ಸರ್ ಕೇಳಿದರು, "ಯಾವ ಬೀಡು?"

"ಖಂಡೇ ಪೂಜಿ ದಿನ ನೀವು ಕೊಟ್ಟದ್ದರಿ. ನಿಮ್ಮದು."

ಸರ್ ಹಿಂದಿನ ಗೋಡೆಯಲ್ಲಿ ತಾಮ್ರದ ಪೇಪರಿನ ಮೊದಲ ಪುಟಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಅವರು ತಿರುಗಿ ಅದನ್ನು ನೋಡಲಿಲ್ಲ. ನೋಡದಿರಲು ಬಹಳ ಕಷ್ಟಪಟ್ಟದ್ದು ಮಾತ್ರ ಕಂಡಿತು.

"ತೊಳಿ," ಎಂದರು. "ಈಗಿಂದೀಗ ತೊಳಿ. ಬಂಗಾರ ಕರಗಸೂ ಆಸಿಡ್‌ನ್ಯಾಗ ಹಾಕು."

ಸತ್ಯ ತಿಳಿಯಲಿ ಎಂದು ಹಾಗೆ ಹೇಳಿದರೋ, ಸತ್ಯ ತೊಳೆದು ಹೋಗಲಿ ಎಂದು ಹೇಳಿದರೋ, ನನಗೆ ಇವತ್ತಿಗೂ ಅನುಮಾನ.

ಆಸಿಡ್ಡಿನಲ್ಲಿ ಮೂರು ದಿನ ಮುಳುಗಿದ್ದೆ. ಆಸಿಡ್ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅದನ್ನು ಬೇರೆ ಊರಿನ ದೊಡ್ಡ ಲ್ಯಾಬಿಗೆ ಕಳಿಸಿದರು, ಪಲ್ಲೇಡಿಯಂ ಇದೆ ಎಂದು ವರದಿ ಬಂತು. ಸಿಪ್ಪೆಯ ಪೇಪರನ್ನು ಅಚ್ಚಾಗುವ ಮೊದಲೇ ವಾಪಸು ತೆಗೆದುಕೊಂಡರು. ಮಹಾದೇವಿಯ ಪಿಎಚ್.ಡಿ. ಎರಡು ವರ್ಷ ಹಿಂದೆ ಬಿತ್ತು. ಕಲ್ಮೇಶ ಬಂದು, "ನಿನ್ನ ಕೈ ನೆಟ್ಟಗ ಐತಿ ಬಿಡು, ಬೀಡು ಸೊಟ್ಟ ಇತ್ತು," ಎಂದ. ಅವನ ಮಟ್ಟಿಗೆ ಅದು ಕ್ಷಮಾಪಣೆ.

ಆಮೇಲೆ ಅವಳ ಹೆಸರು ಬೆಳೆದದ್ದೇ ಬೇರೆ ದಾರಿಯಲ್ಲಿ. ಹೊಸ ಹೊಸ ಪದಾರ್ಥ ಮಾಡಿದಳು, ರಂಧ್ರವಿರುವ ಪುಡಿಗಳು, ಹೊಗೆ ಶುದ್ಧ ಮಾಡುವ ಆಕ್ಸೈಡುಗಳು. ಅವಳೂ ಅದೇ ವಿಭಾಗದಲ್ಲಿ ಪ್ರೊಫೆಸರ್ ಆದಳು. ಅವಳ ಲ್ಯಾಬಿನಲ್ಲಿ ಒಂದು ಕಟ್ಟಳೆ: ಯಾವ ಪ್ರಯೋಗವಾದರೂ ಮೊದಲು ಹೊಸ ಬೀಡ್ ಹಾಕಿ, ಹೆಪ್ಪು ಹಾಕದೆ ಮಾಡಿ ನೋಡಬೇಕು. ಅದಕ್ಕೆ ಅಲ್ಲಿ 'ಬರೇ ಹಾಲು' ಎನ್ನುತ್ತಾರೆ. "ಬರೇ ಹಾಲು ಮಾಡಿದೇನೋ?" ಎನ್ನುವುದು ಅವಳ ಮೊದಲ ಪ್ರಶ್ನೆ. ನನ್ನನ್ನು ಒಂದು ಸಣ್ಣ ಸೀಸೆಯಲ್ಲಿಟ್ಟು, ಚೀಟಿ ಅಂಟಿಸಿ, ತನ್ನ ಟೇಬಲ್ಲಿನ ಮೇಲೆ ಇಟ್ಟುಕೊಂಡಳು. ಚೀಟಿಯಲ್ಲಿ ಬರೆದದ್ದು: 'ಮೊದಲು ನನ್ನ ಮೇಲೆ ಅನುಮಾನ ಪಡಿರಿ.'

ಇಂಚಗೇರಿ ಸರ್ ನಿವೃತ್ತರಾದರು. ಹೋಗುವಾಗ ಕಪಾಟಿನ ಕೀಲಿಕೈಯನ್ನು ಯಾರಿಗೂ ಕೊಡಲಿಲ್ಲ. ವಿಭಾಗದವರು ಬೀಗ ಒಡೆದು ಬೇರೆ ಹಾಕಿಕೊಂಡರು.

ನನ್ನನ್ನು ತೊಳೆದು ಹನ್ನೊಂದು ವರ್ಷವಾದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಸರ್ ಬಂದರು. ಕೈಯಲ್ಲಿ ಒಂದು ಕಂದು ಬಣ್ಣದ ಬಾಟಲಿ, ಒಳಗೆ ಅವರ ತಾಮ್ರ.

"ಒಂದ ಹೊಸಾ ಬೀಡ್ ಕೊಡವಾ ಮಾದೇವಿ."

ಅವಳು ಯಾಕೆ ಎಂದು ಕೇಳಲಿಲ್ಲ. ಅವರೆದುರಿಗೇ ಪೊಟ್ಟಣ ಒಡೆದು ಕೊಟ್ಟಳು. ಸರ್ ಎಲ್ಲ ತಾವೇ ಸುರಿದರು. ಆಮೇಲೆ ಹೋಗಿ, ಹಿಂದೆ ಅವಳನ್ನು ಕೂರಿಸಿದ್ದ ಅದೇ ಕಿಟಕಿಯ ಹತ್ತಿರ, ಸ್ಟೂಲಿನ ಮೇಲೆ ಕೈ ಕಟ್ಟಿ ಕುಳಿತರು. ಯಾರೂ ಹಾಗೆ ಕೂರಲು ಹೇಳಿರಲಿಲ್ಲ.

ನಾಲ್ಕು ಗಂಟೆಗೆ ಎರಡೇ ಚುಕ್ಕೆ.

"ನೀರು ಸರಿ ಇಲ್ಲ," ಎಂದರು. ಮುಂದಿನ ಸೋಮವಾರ ಮನೆಯಿಂದ ನೀರು ತಂದರು. ಎರಡೇ ಚುಕ್ಕೆ. "ಕರೆಂಟು ಒಂದ ಸಮ ಇಲ್ಲ," ಎಂದರು. ಮೂರನೆಯ ಸೋಮವಾರವೂ ಎರಡೇ. "ತಾಮ್ರ ಹಳೇದಾತು. ಹೊಸಾದು ಹಾಕಿದ್ರ..."

"ಹೊಸಾದು ಹಾಕಿ ಮಾಡೇನ್ರಿ ಸರ್," ಎಂದಳು ಮಹಾದೇವಿ ಮೆಲ್ಲಗೆ.

"ಯಾವಾಗ?"

"ಹನ್ನೊಂದು ವರ್ಷದ ಹಿಂದ. ಬೀಡ್ ತೊಳದ ಮರುದಿನ."

"ಮತ್ತ ಯಾಕ ಹೇಳಲಿಲ್ಲ?"

"ಸುಳ್ಳು ಬರದಾಳ ಅಂತ ನೀವು ನನ್ನ ಮ್ಯಾಲೆ ಬರಿಯಾವ್ರಿದ್ರಿ. ನನಗ ನಿಮ್ಮ ಮ್ಯಾಲೆ ಹಂಗ ಬರಿಯೂ ಮನಸಾಗಲಿಲ್ರಿ. ನೀವು ಬರಿಯೂ ದಾರಿ ಕಾಯತಿದ್ದೆ."

ಲ್ಯಾಬಿನಲ್ಲಿ ಹೊಸ ಬೀಡ್ ಇನ್ನೂ ತಿರುಗುತ್ತಲೇ ಇತ್ತು, ಟಿಕ್ ಟಿಕ್ ಎಂದು. ಸರ್ ಎದ್ದು ಬಂದು ಅದನ್ನು ನಿಲ್ಲಿಸಿದರು. ನನ್ನ ಸೀಸೆ ಎತ್ತಿ, ಕನ್ನಡಕ ಸರಿಮಾಡಿಕೊಂಡು, ಚೀಟಿ ಓದಿದರು. ಅಳುತ್ತಾರೆ ಅಂದುಕೊಂಡೆ, ನಕ್ಕರು. ಆ ಮನುಷ್ಯ ನಕ್ಕದ್ದನ್ನು ನಾನು ನೋಡಿದ್ದು ತಾಮ್ರದ ದಿನ ಬಿಟ್ಟರೆ ಅವತ್ತೇ.

"ಒಂದ ಹಾಳಿ ಕೊಡು," ಎಂದರು.

ಪೇಪರ್ ಅಚ್ಚು ಹಾಕಿದವರಿಗೆ ಪತ್ರ ಬರೆದರು. ನಾಲ್ಕೇ ಸಾಲು: ತಾಮ್ರ ಆ ಕೆಲಸ ಮಾಡಿರಲಿಲ್ಲ, ನನ್ನ ಬೀಡ್ ಮಾಡಿತ್ತು, ಪೇಪರನ್ನು ವಾಪಸು ತೆಗೆಯಿರಿ, ಅಂದು ಪತ್ರ ಬರೆದ ಇಬ್ಬರ ತಾಮ್ರವೂ ಶುದ್ಧವೇ ಇತ್ತು. ಕೆಳಗೆ ಸಹಿ ಹಾಕಿ, ಎರಡು ಸಲ ಓದಿ, ಮಹಾದೇವಿಯ ಕೈಗೆ ಕೊಟ್ಟರು. ಅವಳು ಓದಿ, ಬಗ್ಗಿ ಅವರ ಕಾಲು ಮುಟ್ಟಿದಳು. ಅವರು ಒಳಜೇಬಿಗೆ ಕೈ ಹಾಕಿ, ಯಾವ ಬೀಗವನ್ನೂ ತೆರೆಯದ ಆ ಹಳೆಯ ಕೀಲಿಕೈಯನ್ನು ತೆಗೆದು ನನ್ನ ಸೀಸೆಯ ಪಕ್ಕ ಇಟ್ಟು, ಮೆಟ್ಟಿಲಿಳಿದು ಹೋದರು.

ಈಗ ನಾನು ತಿರುಗುವುದಿಲ್ಲ. ಟೇಬಲ್ಲಿನ ಮೂಲೆಯಲ್ಲಿ ಕುಳಿತು ಬಂದವರ ಮುಖ ನೋಡುತ್ತೇನೆ. ನನ್ನನ್ನು ಪೂರ್ತಿ ತೊಳೆದಿದ್ದಾರೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನೆಗ್ಗಿನ ಹತ್ತಿರ ಒಂದು ಆಳವಾದ ಗೀರಿದೆ, ಅಲ್ಲಿಯವರೆಗೆ ಆಸಿಡ್ ಇಳಿಯಿತೋ ಇಲ್ಲವೋ ನನಗೇ ಖಾತ್ರಿಯಿಲ್ಲ. ಹಾಗಾಗಿ ಚೀಟಿಯಲ್ಲಿ ಬರೆದದ್ದನ್ನು ಮರೆಯಬೇಡಿ.

ಇನ್ನು ಆ ಕೀಲಿಕೈ. ಅದು ಕಬ್ಬಿಣದ್ದು. ಸರ್ ಅದನ್ನು ಇಟ್ಟು ಬೆನ್ನು ತಿರುಗಿಸುವುದೇ ತಡ, ಟಕ್ಕೆಂದು ಬಂದು ಸೀಸೆಗೆ ಹತ್ತಿಕೊಂಡಿತು. ಗಾಜಿನ ಆಚೆ ಅದು, ಈಚೆ ನಾನು. ಒರೆಸುವಾಗ ನದಾಫ ಕಾಕಾ ದಿನಾ ಕಿತ್ತು ಪಕ್ಕಕ್ಕಿಡುತ್ತಿದ್ದ. ಅವನು ಕೈ ಬಿಟ್ಟ ಕೂಡಲೇ ಮತ್ತೆ ಬರುತ್ತಿತ್ತು. ಈಗ ಅವನೂ ಕೀಳುವುದನ್ನು ಬಿಟ್ಟಿದ್ದಾನೆ.